ಗುಂಡಿ ಒತ್ತಿದೊಡನೆ ಸ್ಥಗಿತಗೊಳ್ಳುವ ಡಿಜಿಟಲ್ ಕ್ಯಾಮೆರಾ: ಕಾರಣ ಮತ್ತು ಪರಿಹಾರ

ರಬಕವಿ-ಬನಹಟ್ಟಿಯ ಸೀರೆ ತಯಾರಕರಾಗಲಿ, ಜಮಖಂಡಿ, ಮುಧೋಳ, ಬೀಳಗಿಯ ವರ್ತಕರಾಗಲಿ, ದೂರದ ಗ್ರಾಹಕರಿಗೆ ಸರಕಿನ ಚಿತ್ರ ಕಳುಹಿಸುವ ಹೊತ್ತಿನಲ್ಲಿ ಕ್ಯಾಮೆರಾ ಕೈಕೊಟ್ಟರೆ ಬೇಡಿಕೆಯೇ ಕೈತಪ್ಪಬಹುದು. ದುರಸ್ತಿಗೆ ಕೊಡುವ ಮುನ್ನ ಕೆಲವು ಪರೀಕ್ಷೆಗಳನ್ನು ಸ್ವತಃ ಮಾಡಿಕೊಳ್ಳುವುದು ಲೇಸು.

ಗುಂಡಿ ಒತ್ತಿದಾಗ ಲೆನ್ಸಿನ ಮೋಟಾರು, ಪರದೆ ಹಾಗೂ ಫ್ಲ್ಯಾಶ್ ಒಟ್ಟಾಗಿ ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತವೆ. ಬ್ಯಾಟರಿ ದುರ್ಬಲವಾಗಿದ್ದರೆ ವೋಲ್ಟೇಜ್ ಕುಸಿದು ಕ್ಯಾಮೆರಾ ಆರಿಹೋಗುತ್ತದೆ. ಫ್ಲ್ಯಾಶ್ ನಿಲ್ಲಿಸಿದಾಗ ಚಿತ್ರ ಬಂದರೆ ದೋಷ ಬಹುತೇಕ ಬ್ಯಾಟರಿಯದೇ. ಅದರ ಸಂಪರ್ಕ ತುದಿಗಳನ್ನು ಒಣಬಟ್ಟೆಯಿಂದ ಒರೆಸಿ, ಪೂರ್ಣ ಚಾರ್ಜ್ ಆದ ಬ್ಯಾಟರಿ ಹಾಕಿ ನೋಡಬೇಕು.

ಚಿತ್ರ ತೆಗೆದರೂ ಉಳಿಯದಿದ್ದರೆ ಮೆಮೊರಿ ಕಾರ್ಡ್ ತುಂಬಿದೆಯೇ, ಅದರ ಪಕ್ಕದ ಲಾಕ್ ಬಿದ್ದಿದೆಯೇ ಎಂದು ಪರಿಶೀಲಿಸಬೇಕು. ಹಳೆಯ ಚಿತ್ರಗಳನ್ನು ಕಂಪ್ಯೂಟರಿಗೆ ವರ್ಗಾಯಿಸಿದ ಬಳಿಕವೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಬೇಕು.

ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೂಡಿದರೆ ಕ್ಯಾಮೆರಾ ಕೆಟ್ಟಿದೆಯೆಂದು ಭಾವಿಸಬೇಕಿಲ್ಲ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆಗಿರುವುದರಿಂದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಶಟರ್ ವೇಗವನ್ನು 1/50 ಸೆಕೆಂಡಿಗೆ ಇಳಿಸಿದರೆ ಪಟ್ಟೆ ಮಾಯವಾಗುತ್ತದೆ. ಸೀರೆಯ ನಿಜಬಣ್ಣ ಬರಲು ಹಗಲು ಬೆಳಕಿನ ನೆರಳಿನಲ್ಲಿ, ವೈಟ್ ಬ್ಯಾಲೆನ್ಸ್ ಸರಿಪಡಿಸಿಕೊಂಡು ಚಿತ್ರ ತೆಗೆಯುವುದು ಸೂಕ್ತ. ಬಣ್ಣ ತಪ್ಪಿದರೆ ಮಾಲು ಮರಳಿ ಬಂದೀತು.

ಮಗ್ಗದ ಹತ್ತಿಧೂಳು ಲೆನ್ಸಿಗೆ ತಾಗದಂತೆ ಕ್ಯಾಮೆರಾವನ್ನು ಚೀಲದಲ್ಲಿಡಬೇಕು. ಕ್ಯಾಮೆರಾವನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಬ್ಯಾಟರಿ ತೆಗೆದ ನಂತರವೂ ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.