26 ಅಕ್ಷರ ಸಾಲದ ‘ಸೆಟ್ ಅಪ್’

ಇಂಗ್ಲಿಷಿಗೆ ಇರುವುದು 26 ಅಕ್ಷರ. ‘ಸೆಟ್ ಅಪ್’ ಎಂಬ ಪುಟ್ಟ ಫ್ರೇಸಲ್ ವರ್ಬ್‌ನ, ಅಂದರೆ ಬಾಲ ಅಂಟಿಸಿಕೊಂಡ ಕ್ರಿಯಾಪದದ, ಅರ್ಥಗಳಿಗೆ ಎ, ಬಿ, ಸಿ ಎಂದು ಗುರುತು ಹಾಕುತ್ತ ಹೋದ ಆಕ್ಸ್‌ಫರ್ಡ್ ನಿಘಂಟಿನವರಿಗೆ ಜೆಡ್ ಬಂದರೂ ಅರ್ಥ ಮುಗಿಯಲಿಲ್ಲ. ಮತ್ತೆ ಎಎ, ಬಿಬಿ, ಸಿಸಿ ಎಂದು ಜೋಡಿ ಅಕ್ಷರ ಹಿಡಿದು ಹೊರಟರು. ಕೊನೆಗೂ ಉಸಿರು ಬಿಟ್ಟದ್ದು ಆರ್‌ಆರ್ ತಲುಪಿದಾಗ. ಕೂಡಿಸಿ ನೋಡಿ: 26ರ ಮೇಲೆ 18, ಒಟ್ಟು 44! ನಮ್ಮ ವರ್ಣಮಾಲೆಯನ್ನು ಕಡ ಕೇಳಿದ್ದರೆ 49ರಲ್ಲಿ ಕೆಲಸ ಮುಗಿದು ಇನ್ನೂ 5 ಅಕ್ಷರ ಮಿಕ್ಕುತ್ತಿದ್ದವು.

ಅಷ್ಟೊಂದು ಅರ್ಥ ಎಲ್ಲಿಂದ ಬಂತು ಎನ್ನಬೇಡಿ. ಡೇರೆ ಹಾಕಿದರೂ ಸೆಟ್ ಅಪ್, ಕಂಪನಿ ಕಟ್ಟಿದರೂ ಸೆಟ್ ಅಪ್. ರಾಜನನ್ನು ಗದ್ದುಗೆಗೆ ಏರಿಸಿದರೂ ಅದೇ, ಅಚ್ಚಿನ ಮೊಳೆ ಜೋಡಿಸಿದರೂ ಅದೇ. ಹುಯಿಲೆಬ್ಬಿಸಿದರೆ, ಮಗನಿಗೆ ವ್ಯಾಪಾರಕ್ಕೆ ಬಂಡವಾಳ ಕೊಟ್ಟರೆ, ಅಮಾಯಕನನ್ನು ಕೇಸಿನಲ್ಲಿ ಸಿಕ್ಕಿಸಿದರೆ, ಎಲ್ಲಕ್ಕೂ ಈ ಎರಡು ತುಣುಕೇ ಸಾಕು. ಇದರ ಸಮಾನಾರ್ಥಕ ಕೇಳಿದರೆ ಎಸ್ಟಾಬ್ಲಿಶ್, ಫೌಂಡ್, ಇರೆಕ್ಟ್, ಇನ್‌ಸ್ಟಾಲ್, ಅರೇಂಜ್, ಅಸೆಂಬಲ್, ಫ್ರೇಮ್ ಎಂದು ಏಳು ಪದ ಸಾಲಾಗಿ ನಿಲ್ಲುತ್ತವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಮುನ್ನ ಎಚ್ಚರ. ಕಂಪನಿಯನ್ನು ‘ಫೌಂಡ್’ ಮಾಡಿದವನು ನಿಮಗೆ ಸಂಬಳ ಕೊಡುತ್ತಾನೆ, ನಿಮ್ಮನ್ನು ‘ಫ್ರೇಮ್’ ಮಾಡಿದವನು ಜೈಲಿಗೆ ಕಳಿಸುತ್ತಾನೆ.

ಈ 44 ಬರೀ ಬಾಲ. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿಯಲ್ಲಿ ಹೆನ್ರಿ ಬ್ರಾಡ್ಲಿ ಸಂಪಾದಿಸಿದ ‘ಸೆಟ್’ ಕ್ರಿಯಾಪದಕ್ಕೆ 154 ಮುಖ್ಯ ವಿಭಾಗಗಳು. ಅವುಗಳಲ್ಲಿ ಕಟ್ಟಕಡೆಯದು ‘ಸೆಟ್ ಅಪ್’. ಪುಟಕ್ಕೆ ಮೂರು ಕಾಲಂನಂತೆ ಒಂದೇ ಕ್ರಿಯಾಪದ 18 ಪುಟ ದಾಟಿ ಹರಿದಿದೆ. 1989ರ ಎರಡನೇ ಆವೃತ್ತಿಯ ಹೊತ್ತಿಗೆ ಮೈ ಇನ್ನೂ ತುಂಬಿಕೊಂಡಿತು. ಒಂಟಿ ‘ಸೆಟ್’ಗೆ 430 ಅರ್ಥ, ಫ್ರೇಸಲ್ ವರ್ಬ್ ಮತ್ತು ನುಡಿಗಟ್ಟುಗಳನ್ನು ಸೇರಿಸಿದರೆ ಸುಮಾರು 580! ಅವನ್ನೆಲ್ಲ ವಿವರಿಸಲು ಖರ್ಚಾದದ್ದು 60,000 ಪದ. ನಿಮಿಷಕ್ಕೆ 150 ಪದದ ವೇಗದಲ್ಲಿ ವಾರ್ತೆ ಓದುವವರ ಕೈಗೆ ಕೊಟ್ಟರೆ, ನೀರು ಕುಡಿಯಲೂ ನಿಲ್ಲದೆ 6 ಗಂಟೆ 40 ನಿಮಿಷ ಓದಬೇಕು. ಜಾರ್ಜ್ ಆರ್ವೆಲ್‌ರ ‘ಅನಿಮಲ್ ಫಾರ್ಮ್’ ಇಡೀ ಕಾದಂಬರಿ ಸುಮಾರು 30,000 ಪದ. ಅಂದರೆ ಮೂರಕ್ಷರದ ಒಂದು ಶಬ್ದಕ್ಕೆ ಎರಡು ಕಾದಂಬರಿಯಷ್ಟು ಟಿಪ್ಪಣಿ. ಇನ್ನೂ ಹತ್ತಿರದ ಲೆಕ್ಕ ಬೇಕೆ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಸುಮಾರು 70,000 ಕನ್ನಡ ಪದಗಳಿಗೆ ಅರ್ಥ ಹೇಳಿತು. ಇಲ್ಲಿ ಒಂದು ಪದದ ಅರ್ಥ ಹೇಳುವುದಕ್ಕೇ 60,000 ಪದ!

ಆಕ್ಸ್‌ಫರ್ಡ್ ನಿಘಂಟಿನ ಅದೇ ಎರಡನೇ ಆವೃತ್ತಿಯಲ್ಲಿ ಶ್ವಾಸಕೋಶದ ಕಾಯಿಲೆಯೊಂದರ ಹೆಸರಿದೆ: ನ್ಯುಮೊನೊ ಅಲ್ಟ್ರಾ ಮೈಕ್ರೊಸ್ಕೋಪಿಕ್ ಸಿಲಿಕೊ ವಾಲ್ಕೆನೊ ಕೋನಿಯೋಸಿಸ್. ಎಲ್ಲ ಸೇರಿ ಒಂದೇ ಪದ, 45 ಅಕ್ಷರ, ಅರ್ಥ ಒಂದೇ ಒಂದು. ‘ಸೆಟ್’ ಅಕ್ಷರವೊಂದಕ್ಕೆ 193 ಅರ್ಥ ದುಡಿಯುತ್ತದೆ. ಇಂಗ್ಲಿಷಿನಲ್ಲಿ ಹೊಟ್ಟೆ ದೊಡ್ಡದಿರುವುದು ಚಿಕ್ಕ ಪದಗಳಿಗೇ.

ಈ ಅರ್ಥಗಳನ್ನು ಹೆಕ್ಕಿದ ಬಗೆಯೂ ತಮಾಷೆಯಲ್ಲ. ಮೊದಲ ಆವೃತ್ತಿಯ ಸಂಪಾದಕ ಜೇಮ್ಸ್ ಮರ್ರಿ ಆಕ್ಸ್‌ಫರ್ಡಿನ ತಮ್ಮ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಸಿಕೊಂಡಿದ್ದರು. ಪಕ್ಕದ ಮನೆಯವರ ನೋಟಕ್ಕೆ ಅಡ್ಡವಾಗದಿರಲೆಂದು ಅದನ್ನು ಮೂರಡಿ ನೆಲದೊಳಕ್ಕೆ ಇಳಿಸಿ ಕಟ್ಟಿದ್ದರಿಂದ ಒಳಗೆ ಥಂಡಿಯೋ ಥಂಡಿ. ದಪ್ಪ ಕೋಟು ತೊಟ್ಟು, ಗಾಳಿ ತಾಗದಂತೆ ಕಾಲುಗಳನ್ನು ಪೆಟ್ಟಿಗೆಯೊಂದರಲ್ಲಿ ಇಟ್ಟುಕೊಂಡು ಅವರು ಚೀಟಿ ನೋಡುತ್ತಿದ್ದರು. ಅವರ 11 ಮಕ್ಕಳಿಗೆ ಚೀಟಿ ವಿಂಗಡಿಸುವ ಕೆಲಸ, ಅದಕ್ಕೆ ಪುಡಿಗಾಸಿನ ಕೂಲಿ. ಒಂದೊಂದು ಚೀಟಿ ಸುಮಾರು 6 ಇಂಚು ಉದ್ದ, 4 ಇಂಚು ಅಗಲ. ಮೇಲೆ ಪದ, ಕೆಳಗೆ ಅದನ್ನು ಬಳಸಿದ ಪುಸ್ತಕದ ವರ್ಷ, ಹೆಸರು, ಪುಟ, ವಾಕ್ಯ. ಓದುಗರಿಂದ ಹೀಗೆ ಬಂದು ಬಿದ್ದ ಚೀಟಿಗಳು 50 ಲಕ್ಷ! ಉದ್ದಕ್ಕೆ ಒಂದರ ಹಿಂದೊಂದು ಜೋಡಿಸಿದರೆ 762 ಕಿಲೋಮೀಟರ್. ಬೆಂಗಳೂರಿನಲ್ಲಿ ಮೊದಲ ಚೀಟಿ ಇಟ್ಟರೆ ಕೊನೆಯದನ್ನು ಇಡುವಾಗ ಬೀದರ್ ಹಿಂದೆ ಬಿದ್ದಿರುತ್ತದೆ.

ಹತ್ತು ವರ್ಷದಲ್ಲಿ ಮುಗಿಸುತ್ತೇವೆಂದು 1879ರಲ್ಲಿ ಕೈ ಹಾಕಿದ ಕೆಲಸವಿದು. ಐದು ವರ್ಷ ಕಳೆದು 1884ರಲ್ಲಿ ಮೊದಲ ಕಂತು ಹೊರಬಂದಾಗ ತಲುಪಿದ್ದು ‘ಆಂಟ್’ವರೆಗೆ. ಹೌದು, ಇರುವೆವರೆಗೆ! ಕೊನೆಯ ಕಂತು 1928ರಲ್ಲಿ. ಅದನ್ನು ನೋಡಲು ಮರ್ರಿ ಇರಲಿಲ್ಲ, ಬ್ರಾಡ್ಲಿಯೂ ಇರಲಿಲ್ಲ. 1884ರಿಂದ 1928ಕ್ಕೆ ಎಷ್ಟು ವರ್ಷ? ಸರಿಯಾಗಿ 44. ‘ಸೆಟ್ ಅಪ್’ನ ಅರ್ಥಗಳಷ್ಟೇ!

ಇಷ್ಟು ಗಟ್ಟಿಯಾಗಿ ಕೂತಿದ್ದ ‘ಸೆಟ್’ ಹೊಸ ಶತಮಾನ ಬರುತ್ತಲೇ ಅತಿ ಉದ್ದದ ವಿವರಣೆಯ ಪಟ್ಟ ಕಳೆದುಕೊಂಡಿತು. ಮೂರನೇ ಆವೃತ್ತಿಗೆ ಪದಗಳನ್ನು ತಿದ್ದುತ್ತ ಬಂದಂತೆ 2000ದಲ್ಲಿ ‘ಮೇಕ್’ ಅದನ್ನು ಮೀರಿತು, 2007ರಲ್ಲಿ ‘ಪುಟ್’ ಬಂತು, 2011ರಲ್ಲಿ ಎಲ್ಲರನ್ನೂ ಹಿಂದಿಕ್ಕಿ ಓಡಿದ್ದು, ಇನ್ಯಾವುದು, ‘ರನ್’. ಕ್ರಿಯಾಪದವಾಗಿಯೇ 645 ಅರ್ಥ! ದಿನಕ್ಕೊಂದು ಅರ್ಥ ಬಾಯಿಪಾಠ ಮಾಡಿದರೆ ಒಂದೂಮುಕ್ಕಾಲು ವರ್ಷ ಬೇಕು. ನಿಘಂಟುಕಾರ ಪೀಟರ್ ಗಿಲ್ಲಿವರ್ ಈ ಒಂದು ಪದದ ಹಿಂದೆ ಬಿದ್ದು ಕಳೆದದ್ದು 9 ತಿಂಗಳು. ರಜೆ ಗಿಜೆ ಎಣಿಸದಿದ್ದರೂ ದಿನಕ್ಕೆ ಎರಡೂವರೆ ಅರ್ಥ ದಾಟಲಿಲ್ಲ.

ಒಂದು ಪದ ಬಿಟ್ಟು ಫ್ರೇಸಲ್ ವರ್ಬ್‌ಗಳ ಇಡೀ ಜಾತಿಯನ್ನೇ ಎಣಿಸಿದರೆ? ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾ ಭಂಡಾರದಲ್ಲಿ 10 ಕೋಟಿ ಪದಗಳಿವೆ. ನಮ್ಮ ವಾರ್ತಾವಾಚಕರಿಗೆ ಇದನ್ನು ಒಪ್ಪಿಸಿದರೆ ಹಗಲು ರಾತ್ರಿ ಓದಿದರೂ 463 ದಿನ. 2007ರಲ್ಲಿ ಗಾರ್ಡ್ನರ್ ಮತ್ತು ಡೇವಿಸ್ ಎಂಬಿಬ್ಬರು ಸಂಶೋಧಕರು ಇದನ್ನು ಜಾಲಾಡಿದರು. ಅತಿ ಹೆಚ್ಚು ಬಳಕೆಯ 100 ಫ್ರೇಸಲ್ ವರ್ಬ್‌ಗಳಿಗೆ ಸಿಕ್ಕಿದ ಅರ್ಥ 559! ಮಜಾ ಇರುವುದು ಮುಂದೆ. 20 ಕ್ರಿಯಾಪದ, ಅವಕ್ಕೆ ಅಂಟುವ ಅಪ್, ಔಟ್, ಆನ್‌ನಂಥ 8 ಬಾಲಗಳು, ಇಷ್ಟರಿಂದಲೇ ಕಾರ್ಪಸ್‌ನ ಅರ್ಧಕ್ಕಿಂತ ಹೆಚ್ಚು ಫ್ರೇಸಲ್ ವರ್ಬ್ ಬಳಕೆ ನಡೆದುಹೋಗಿದೆ. ಹಿಡಿ ಸಾಮಾನಿನಲ್ಲಿ ಇಷ್ಟು ದೊಡ್ಡ ಸಂಸಾರ ನಡೆಸಿದ ಭಾಷೆಗೆ ಜಿಪುಣ ಅನ್ನಬೇಕೋ ಜಾಣ ಅನ್ನಬೇಕೋ!

ಕೊನೆಗೆ ಸಮಾನಾರ್ಥಕಗಳ ಮಹಾಕೋಶ. ಗ್ಲಾಸ್ಗೊ ವಿಶ್ವವಿದ್ಯಾಲಯದವರು ಇಂಗ್ಲಿಷಿನ ಅರ್ಥಗಳನ್ನೆಲ್ಲ ಬಗೆಬಗೆಯಾಗಿ ಗುಂಪು ಮಾಡುವ ಕೆಲಸಕ್ಕೆ 1965ರಲ್ಲಿ ಕೈ ಹಾಕಿದರು. 1978ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ಚೀಟಿಗಳು ಲೋಹದ ಬೀರುಗಳಲ್ಲಿದ್ದದ್ದರಿಂದ ಉಳಿದುಕೊಂಡವು. ಪುಸ್ತಕ ಬಂದದ್ದು 2009ರಲ್ಲಿ, ಒಳಗಿದ್ದ ಅರ್ಥಗಳು ಸುಮಾರು 8 ಲಕ್ಷ. ಸೆಕೆಂಡಿಗೊಂದು ಅರ್ಥ ನೋಡುತ್ತ ಹೋದರೆ ನಿದ್ದೆ ಊಟ ಬಿಟ್ಟು 9 ದಿನ 6 ಗಂಟೆ. ಮಾಡಲು ಹಿಡಿದ ವರ್ಷಗಳೆಷ್ಟೆಂದು ಕಳೆದು ನೋಡಿ. ಮತ್ತೆ 44!

ಇದನ್ನೆಲ್ಲ ಕೇಳಿ ಇಂಗ್ಲಿಷ್ ಕಲಿಯುವ ಮಕ್ಕಳು ಹೆದರಬೇಕಿಲ್ಲ. ಗಾರ್ನಿಯೆ ಮತ್ತು ಶ್ಮಿಟ್ ಎಂಬ ಭಾಷಾ ಸಂಶೋಧಕರು 2015ರಲ್ಲಿ ಕಲಿಯುವವರಿಗಾಗಿಯೇ ಪಟ್ಟಿಯೊಂದನ್ನು ಸೋಸಿ ಕೊಟ್ಟಿದ್ದಾರೆ: ಹೆಚ್ಚು ಬಳಕೆಯ 150 ಫ್ರೇಸಲ್ ವರ್ಬ್, ಅವುಗಳ ಮುಖ್ಯವಾದ 288 ಅರ್ಥ. ದಿನಕ್ಕೆ ಎರಡರಂತೆ ಕಲಿತರೆ 144 ದಿನ, ಐದು ತಿಂಗಳೂ ಹಿಡಿಯುವುದಿಲ್ಲ. ಪರೀಕ್ಷೆ ಮುಗಿಸಿ ಕೂತ ಮಕ್ಕಳು ಮನೆಯಲ್ಲಿದ್ದರೆ ಉದ್ದುದ್ದ ಪದಗಳ ಪುಸ್ತಕ ಎತ್ತಿಟ್ಟು ಇದನ್ನು ಶುರು ಮಾಡಿಸಿ.