ಬಾಡಿಗೆ ಮನೆಗೆ ಮುನ್ನ ಸ್ಕೂಲ್ ಡಿಸ್ಟ್ರಿಕ್ಟ್

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸ ತೀರ್ಮಾನಿಸುತ್ತದೆ. ದೇಶದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಬಹುಪಾಲು ಕಡೆ ಸ್ಥಳೀಯರೇ ಆರಿಸಿದ ಮಂಡಳಿ ಅವನ್ನು ನಡೆಸುತ್ತದೆ. ಖರ್ಚಿನ ದೊಡ್ಡ ಪಾಲು ಆಸ್ತಿ ತೆರಿಗೆಯಿಂದ ಮತ್ತು ರಾಜ್ಯದ ಬೊಕ್ಕಸದಿಂದ ಬರುತ್ತದೆ. ಬೆಂಗಳೂರಿನಲ್ಲಿ ಮನೆ ಒಂದು ಮೂಲೆ, ಶಾಲೆ ಇನ್ನೊಂದು ಮೂಲೆಯಾದರೂ ಸ್ಕೂಲ್ ವ್ಯಾನ್ ಇದೆ ಎಂಬ ಧೈರ್ಯವಿರುತ್ತದೆ. ಅಮೆರಿಕದಲ್ಲಿ ದಾಖಲಾತಿಗೆ ಹೋದವರು ಮಗುವಿನ ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆಗಳ ಜೊತೆಗೆ ಬಾಡಿಗೆ ಕರಾರನ್ನೋ ಕರೆಂಟ್ ಬಿಲ್ಲನ್ನೋ ತೋರಿಸಬೇಕಾಗುತ್ತದೆ. ಊರಿನ ಹೆಸರೊಂದನ್ನೇ ನಂಬುವಂತಿಲ್ಲ. ಟೆಕ್ಸಸ್‌ನ ಪ್ಲೇನೊ ನಗರದ ಕೆಲವು ಬಡಾವಣೆಗಳು ಪ್ಲೇನೊ ಡಿಸ್ಟ್ರಿಕ್ಟ್‌ಗಲ್ಲ, ಫ್ರಿಸ್ಕೊ ಅಥವಾ ಲೂಯಿಸ್‌ವಿಲ್ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ.

ಮನೆ ಹುಡುಕುವವರ ಕಣ್ಣು ಮೊದಲು ಬೀಳುವುದು ಹತ್ತಕ್ಕೆ ಇಷ್ಟು ಎಂದು ಕೊಡುವ ಶಾಲಾ ರೇಟಿಂಗ್‌ ಮೇಲೆ. ಅದಕ್ಕೆ ಬಹುಮಟ್ಟಿಗೆ ಪರೀಕ್ಷೆಯ ಅಂಕಗಳೇ ಆಧಾರ, ಆ ಅಂಕಗಳು ಪೋಷಕರ ವರಮಾನದ ಜೊತೆಜೊತೆಗೇ ಏರುತ್ತವೆ. ಐದು ವರ್ಷಕ್ಕೇ ದಪ್ಪ ಕಥೆಪುಸ್ತಕ ಓದಿ ಮುಗಿಸುವ, ಭಾಗಾಕಾರ ಮಾಡುವ ಮಗು ಅಕ್ಷರ ಕಲಿಯುವ ತರಗತಿಗೆ ಬಂದು ಕೂತರೆ ಶಿಕ್ಷಕರು ಏನು ಮಾಡುತ್ತಾರೆ ಎಂಬುದಕ್ಕೆ ಆ ಅಂಕಿಯಲ್ಲಿ ಉತ್ತರವಿಲ್ಲ. ಇಂಥ ಮಗುವಿನ ಪೋಷಕರಿಗೆ ಬೇಕಾದದ್ದು ಆ ಉತ್ತರವೇ.

ಅದನ್ನು ಹುಡುಕಲು ರಾಜ್ಯದ ಕಾನೂನಿನಿಂದ ಶುರುಮಾಡುವುದು ಒಳ್ಳೆಯದು. ಅಂಗವೈಕಲ್ಯವಿರುವ ಮಕ್ಕಳಿಗೆ ವಿಶೇಷ ಶಿಕ್ಷಣ ಕೊಡಲೇಬೇಕೆಂದು 1975ರಿಂದ ಕೇಂದ್ರ ಕಾನೂನಿದೆ. ಅಲ್ಲಿ 'ಗಿಫ್ಟೆಡ್' ಎಂದು ಕರೆಯುವ ಅಸಾಧಾರಣ ಬುದ್ಧಿಯ ಮಕ್ಕಳಿಗೆ ಅಂಥ ರಕ್ಷಣೆಯಿಲ್ಲ. 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆಗೆ, ಪ್ರಯೋಗಗಳಿಗೆ ಹಣ ಕೊಡುತ್ತದೆಯೇ ಹೊರತು ಯಾವ ಶಾಲೆಯನ್ನೂ ಕಟ್ಟಿಹಾಕುವುದಿಲ್ಲ. ಹೀಗಾಗಿ ರಾಜ್ಯದ ಗಡಿ ದಾಟಿದರೆ ನಿಯಮವೇ ಬದಲಾಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಅರ್ಹ ಮಗುವಿಗೆ ಲಿಖಿತ ವೈಯಕ್ತಿಕ ಕಲಿಕಾ ಯೋಜನೆ ಮಾಡಿಕೊಡುವುದು ಡಿಸ್ಟ್ರಿಕ್ಟ್‌ನ ಹೊಣೆ. ಟೆಕ್ಸಸ್‌ನಲ್ಲೂ ಇಂಥ ಮಕ್ಕಳನ್ನು ಗುರುತಿಸಿ ಕಲಿಸಬೇಕೆಂಬ ಕಟ್ಟಳೆ ಇದೆ. ಕ್ಯಾಲಿಫೋರ್ನಿಯಾ 2013ರಲ್ಲಿ ಇದಕ್ಕೆಂದೇ ಇದ್ದ ಅನುದಾನವನ್ನು ಸಾಮಾನ್ಯ ನಿಧಿಯಲ್ಲಿ ಸೇರಿಸಿಬಿಟ್ಟಿತು. ಅಲ್ಲೀಗ ಇಂಥ ತರಗತಿ ಇರಬೇಕೇ ಬೇಡವೇ ಎಂಬುದು ಆಯಾ ಡಿಸ್ಟ್ರಿಕ್ಟ್‌ಗೆ ಬಿಟ್ಟದ್ದು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಬೇ ಏರಿಯಾಕ್ಕೆ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.

ಗಿಫ್ಟೆಡ್ ಮಕ್ಕಳಿಗೆ ಕಾರ್ಯಕ್ರಮ ಇದೆ ಎಂದ ಮಾತ್ರಕ್ಕೆ ಪುಟ್ಟ ಮಗುವಿಗೆ ಅದು ಕೂಡಲೇ ಸಿಗುತ್ತದೆಂದಲ್ಲ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯ ಹೆಸರಾಂತ ಪೂರ್ಣಾವಧಿ ತರಗತಿಗಳು ಶುರುವಾಗುವುದೇ 3ನೇ ತರಗತಿಯಿಂದ. ಕಿಂಡರ್‌ಗಾರ್ಟನ್ ಮಗುವಿಗೆ ಅದು ಮೂರು ವರ್ಷದ ಕಾಯುವಿಕೆ. ಆ ನಡುವೆ ಏನು ಸಿಗುತ್ತದೆ ಎಂದು ವಿಚಾರಿಸಬೇಕು.

ಗುರುತಿಸುವ ವಿಧಾನವೂ ಮುಖ್ಯ. ಹಲವೆಡೆ ಬಳಸುವ ಕಾಗ್ಯಾಟ್ ಪರೀಕ್ಷೆ ಎಳೆಯ ಮಕ್ಕಳಿಗೆ ಬಹುಮಟ್ಟಿಗೆ ಚಿತ್ರಗಳಲ್ಲೇ ಇರುತ್ತದೆ. ಮೇಲೆ ದೊಡ್ಡ ಸೇಬು, ಪಕ್ಕದಲ್ಲಿ ಚಿಕ್ಕ ಸೇಬು. ಕೆಳಗೆ ದೊಡ್ಡ ಪುಸ್ತಕ, ಪಕ್ಕದ ಚೌಕ ಖಾಲಿ. ಅಲ್ಲೇನು ಬರಬೇಕು? ಇಂಥ ಒಗಟಿಗೆ ಓದು ಬೇಕಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ, ಇಂಗ್ಲಿಷ್ ಇನ್ನೂ ತೊದಲುವ ಮಗುವಿಗೆ ಇದು ನ್ಯಾಯ ಒದಗಿಸುತ್ತದೆ. ಶಿಕ್ಷಕರ ಶಿಫಾರಸನ್ನೇ ನೆಚ್ಚಿದ ಕಡೆ ಮಾತು ಕಡಿಮೆಯ ಮಗು ಹಿಂದೆ ಉಳಿಯುವ ಭಯವಿದೆ.

ಪ್ರತ್ಯೇಕ ತರಗತಿಯೇ ಇಲ್ಲದ ಡಿಸ್ಟ್ರಿಕ್ಟ್ ಕೆಲವೊಮ್ಮೆ ಹೆಚ್ಚು ಒಗ್ಗುತ್ತದೆ. ಒಂದನೇ ತರಗತಿಯ ಮಗುವನ್ನು ಗಣಿತದ ಹೊತ್ತಿಗೆ ಮಾತ್ರ ಮೂರನೇ ತರಗತಿಗೆ ಕಳಿಸಿ, ಉಳಿದ ಸಮಯ ಓರಗೆಯವರ ಜೊತೆ ಆಡಲು ಬಿಡುವ ಶಾಲೆ ಸಿಕ್ಕರೆ ಅದು ದೊಡ್ಡ ಭಾಗ್ಯ. ಇಡೀ ತರಗತಿ ದಾಟಿಸುವುದನ್ನು ಹಲವು ಶಾಲೆಗಳು ಅನುಮಾನದಿಂದ ನೋಡುತ್ತವೆ. ಆದರೆ ಸರಿಯಾಗಿ ಆರಿಸಿದ ಮಕ್ಕಳಿಗೆ ಇದರಿಂದ ಒಳಿತಾಗುತ್ತದೆಂದು 2004ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಬಂದ ವರದಿ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿತು. ಶಾಲೆ ಸೇರುವ ವಯಸ್ಸಿನ ನಿಯಮವೂ ಎಲ್ಲೆಡೆ ಒಂದೇ ಅಲ್ಲ. ಕಿಂಡರ್‌ಗಾರ್ಟನ್‌ಗೆ ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕು. ನ್ಯೂಯಾರ್ಕ್ ನಗರದಲ್ಲಿ ಡಿಸೆಂಬರ್ 31ರೊಳಗೆ ತುಂಬಿದರೆ ಸಾಕು. ಅಕ್ಟೋಬರ್‌ನಲ್ಲಿ ಹುಟ್ಟಿದ ಮಗುವಿಗೆ ಇದು ಇಡೀ ಒಂದು ವರ್ಷದ ವ್ಯತ್ಯಾಸ.

ಇಷ್ಟನ್ನೂ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಡಿಸ್ಟ್ರಿಕ್ಟ್ ಕಚೇರಿಗೆ ಬರೆದು ಕೇಳಬಹುದು. ವರ್ಷದ ನಡುವೆ ಬಂದ ಮಗುವಿಗೆ ಪರೀಕ್ಷೆ ಯಾವಾಗ, ಹಳೆಯ ಶಾಲೆಯ ಫಲಿತಾಂಶ ನಡೆಯುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಬೇಕು.