ಧೂಪದ ಅಂಟು ಮತ್ತು ಮೊಣಕಾಲಿನ ನೋವು

ಐವತ್ತು ದಾಟಿದ ಕೃಷಿಕರಲ್ಲಿ ಗಂಟುನೋವಿಲ್ಲದವರು ಕಡಿಮೆ. ತೋಟದಲ್ಲಿ ಅಡಿಕೆ ಹೆಕ್ಕುವುದು, ಗುಡ್ಡದಿಂದ ಸೊಪ್ಪಿನ ಹೊರೆ ತರುವುದು, ಕುಕ್ಕರುಗಾಲಲ್ಲಿ ಕುಳಿತು ಕೆಲಸ ಮಾಡುವುದು, ಇವೆಲ್ಲ ವರ್ಷಗಟ್ಟಲೆ ನಡೆದಾಗ ಮೊಣಕಾಲಿನ ಗಂಟು ಸವೆಯುತ್ತದೆ. ಆದಿತ್ಯವಾರದ ಪೂಜೆಯಲ್ಲಿ ಮೊಣಕಾಲೂರಲು ಆಗದೆ ಬೆಂಚು ಹಿಡಿದು ನಿಲ್ಲುವ ಹಿರಿಯರನ್ನು ನಾವೆಲ್ಲ ಕಾಣುತ್ತೇವೆ.

ಇಂಥವರಿಗೆ ಯಾರಾದರೂ 'ಸಲ್ಲಕಿ' ಗುಳಿಗೆಯ ಹೆಸರು ಹೇಳಿಯೇ ಹೇಳುತ್ತಾರೆ. "ಮರದ ಅಂಟಿನಿಂದ ಮಾಡಿದ್ದು, ತೊಂದರೆ ಏನೂ ಇಲ್ಲ, ಬುಡದಿಂದಲೇ ಗುಣವಾಗುತ್ತದೆ" ಎನ್ನುತ್ತಾರೆ. ಇದರಲ್ಲಿ ನಿಜ ಎಷ್ಟು ಎಂದು ತಿಳಿದುಕೊಳ್ಳೋಣ.

ಇದು ಯಾವ ಮರ?

ಸಲ್ಲಕಿಯ ಸಸ್ಯಶಾಸ್ತ್ರೀಯ ಹೆಸರು ಬಾಸ್ವೆಲಿಯಾ ಸೆರ್ರಾಟಾ. ಮಧ್ಯಪ್ರದೇಶ, ರಾಜಸ್ಥಾನ, ಗುಜರಾತ್ ಮುಂತಾದ ಕಡೆಯ ಒಣ ಕಾಡುಗಳಲ್ಲಿ ಇದು ಬೆಳೆಯುತ್ತದೆ. ರಬ್ಬರ್ ಮರಕ್ಕೆ ಗಾಯ ಮಾಡುವಂತೆ ಇದರ ತೊಗಟೆಯನ್ನು ಕೆತ್ತಿದರೆ ಅಂಟು ಒಸರಿ ಗಟ್ಟಿಯಾಗುತ್ತದೆ. ಮೂಡಣದ ಜ್ಞಾನಿಗಳು ಬಾಲಯೇಸುವಿಗೆ ಅರ್ಪಿಸಿದ ಧೂಪ ಇದೇ ಜಾತಿಯ, ಅರಬಸ್ಥಾನ ಮತ್ತು ಪೂರ್ವ ಆಫ್ರಿಕಾದ ಕಡೆ ಬೆಳೆಯುವ ಮರಗಳದ್ದು.

ನಮ್ಮ ಘಟ್ಟದ ತಪ್ಪಲಿನ ಧೂಪದ ಮರ ಇದಲ್ಲ, ಹಾಲುಮಡ್ಡಿಯೂ ಇದಲ್ಲ. ಅವುಗಳ ಅಂಟನ್ನು ಸಲ್ಲಕಿಯೆಂದು ತಿನ್ನಬಾರದು. ಇಗರ್ಜಿಯಲ್ಲಿ ಹಾಕುವ ಧೂಪವನ್ನೂ ಸಾಂಬ್ರಾಣಿಯನ್ನೂ ಕುಟ್ಟಿ ನುಂಗುವುದು ಬೇಡ. ಅವು ಉರಿಸಲಿಕ್ಕೆ ತಯಾರಿಸಿದವು. ಬೇರೆ ಅಂಟು, ಸುಗಂಧಗಳು ಬೆರೆತಿರಬಹುದು.

ಕೆಲಸ ಮಾಡುವುದು ಹೇಗೆ?

ಈ ಅಂಟಿನಲ್ಲಿ ಬಾಸ್ವೆಲಿಕ್ ಆಮ್ಲಗಳೆಂಬ ಅಂಶಗಳಿವೆ. ಗಂಟಿನಲ್ಲಿ ಊತ, ಬಿಸಿ, ನೋವು ಬರಿಸುವ ಕೆಲವು ರಾಸಾಯನಿಕಗಳನ್ನು ನಮ್ಮ ದೇಹವೇ ತಯಾರಿಸುತ್ತದೆ. ಅವುಗಳಲ್ಲಿ ಲ್ಯೂಕೋಟ್ರಯೀನ್ ಎಂಬುದರ ತಯಾರಿಯನ್ನು ಈ ಆಮ್ಲಗಳು ತಡೆಯುತ್ತವೆ. ಸಾಮಾನ್ಯ ನೋವಿನ ಮಾತ್ರೆಗಳು ಕೆಲಸ ಮಾಡುವ ದಾರಿ ಬೇರೆ. ಅವುಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಸಲ್ಲಕಿಯ ಕಡೆಗೆ ಜನರ ಒಲವು ಹೆಚ್ಚಲು ಇದೂ ಒಂದು ಕಾರಣ.

ನಾಗಪುರದಲ್ಲಿ ಮೊಣಕಾಲು ಸವೆದ 30 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು. ಸಲ್ಲಕಿಯ ಸಾರವನ್ನು 8 ವಾರ ತೆಗೆದುಕೊಂಡಾಗ ನೋವು ಕಡಿಮೆಯಾಯಿತು, ಕಾಲು ಮಡಚುವುದು ಸುಲಭವಾಯಿತು, ನಡೆಯುವ ದೂರ ಹೆಚ್ಚಿತು. ಆದರೆ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲಿಲ್ಲ. 2014ರಲ್ಲಿ ಕಾಕ್ರೇನ್ ಸಂಸ್ಥೆ ಹಲವು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಇಂಥದೇ ಫಲ ಕಂಡಿತು. ನೋವನ್ನು ನೂರು ಅಂಕಕ್ಕೆ ಅಳೆದರೆ, ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಿಗಿಂತ ಸಲ್ಲಕಿಯ ಸಾರ ತೆಗೆದುಕೊಂಡವರಲ್ಲಿ 90 ದಿನಗಳ ಕೊನೆಗೆ ಅದು ಸುಮಾರು 17 ಅಂಕ ಕಡಿಮೆ ಇತ್ತು.

ಅಂದರೆ ನೋವು ತಗ್ಗುತ್ತದೆ, ಸವೆದ ಗಂಟು ಮತ್ತೆ ಬೆಳೆಯುವುದಿಲ್ಲ. ಬುಡದಿಂದ ಗುಣವಾಗುತ್ತದೆ ಎಂಬ ಮಾತು ಸರಿಯಲ್ಲ.

ಮೊದಲು ನೋವು ಯಾವುದೆಂದು ತಿಳಿಯಿರಿ

ಎಲ್ಲ ಗಂಟುನೋವೂ ಸವೆತದ್ದಲ್ಲ. ಕೈಬೆರಳು, ಮಣಿಕಟ್ಟುಗಳು ಎರಡೂ ಬದಿ ಊದಿಕೊಂಡು, ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಯಾದರೂ ಬಿಗಿತ ಬಿಡದಿದ್ದರೆ ಅದು ರುಮಟಾಯ್ಡ್ ಎಂಬ ವಾತ ಆಗಿರಬಹುದು. ಇದಕ್ಕೆ ಬೇಗನೆ ಸರಿಯಾದ ಮದ್ದು ಸುರುಮಾಡಿದರೆ ಗಂಟುಗಳು ಉಳಿಯುತ್ತವೆ. ಗುಳಿಗೆ, ಪುಡಿ ಎಂದು ಎರಡು ವರ್ಷ ಕಳೆದರೆ ಬೆರಳು ಸೊಟ್ಟಗಾಗಿ ಕತ್ತಿ ಹಿಡಿಯಲೂ ಆಗದು. ಒಂದೇ ಗಂಟು ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯೇರಿ, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತೆಗೆದುಕೊಳ್ಳುವವರು ಗಮನಿಸಿ

1. ವೈದ್ಯರನ್ನು ಕೇಳಿಯೇ ಸುರುಮಾಡಿ. ನಾಗಪುರದ ಪರೀಕ್ಷೆಯಲ್ಲಿ ಕೊಟ್ಟದ್ದು 333 ಮಿಲಿಗ್ರಾಂ, ದಿನಕ್ಕೆ 3 ಸಲ. ಸಾರದ ಗಟ್ಟಿತನ ಒಂದೊಂದು ಗುಳಿಗೆಯಲ್ಲಿ ಒಂದೊಂದು ರೀತಿ ಇರುವುದರಿಂದ ಪ್ರಮಾಣವನ್ನು ವೈದ್ಯರೇ ಹೇಳಬೇಕು.

2. ಊಟದ ಜೊತೆಗೆ ತೆಗೆದುಕೊಂಡರೆ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಕೆಲವರಿಗೆ ಹೊಟ್ಟೆ ತೊಳಸುವುದು, ಭೇದಿ ಆಗುವುದುಂಟು.

3. ಗರ್ಭಿಣಿಯರು, ಎದೆಹಾಲು ಕೊಡುವವರು ತೆಗೆದುಕೊಳ್ಳಬಾರದು. ರಕ್ತ ಹೆಪ್ಪುಗಟ್ಟದಂತೆ ಮದ್ದು ತೆಗೆದುಕೊಳ್ಳುವವರು ಡಾಕ್ಟರರಿಗೆ ಹೇಳದೆ ಮುಟ್ಟಬಾರದು.

4. ಎರಡು ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿ. ಹಣ ದಂಡ ಮಾಡಬೇಡಿ.

ಹೆಸರಿಲ್ಲದ ಪುಡಿಯ ಅಪಾಯ

ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಚೀಟಿ ಇಲ್ಲದ ಪೊಟ್ಟಣದಲ್ಲಿ ಮಾರುವ 'ವಾತದ ಪುಡಿ'ಯ ಬಗ್ಗೆ ಬಹಳ ಎಚ್ಚರ ಬೇಕು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಪತ್ತೆಯಾಗಿದೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಬದಲು ಸಂಶಯಪಡಿ. ಸಲ್ಲಕಿ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಸ್ಟೀರಾಯ್ಡಿನಿಂದ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಆ ಪೊಟ್ಟಣವನ್ನೇ ಹಿಡಿದುಕೊಂಡು ಡಾಕ್ಟರರ ಬಳಿ ಹೋಗಿ.

ಖರ್ಚಿಲ್ಲದ ಮದ್ದು

ದೇಹದ ತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರಕ್ಕೆ ಚಾಚಿ, ಐದು ಎಣಿಸುವ ತನಕ ಹಿಡಿದು ಇಳಿಸಿ. ಹೀಗೆ ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ ಮಾಡಿದರೆ ತೊಡೆಯ ಸ್ನಾಯು ಬಲವಾಗಿ ಗಂಟಿಗೆ ಆಸರೆಯಾಗುತ್ತದೆ. ಅಡಿಕೆ ಸುಲಿಯುವಾಗ ನೆಲದ ಬದಲು ಎತ್ತರದ ಸ್ಟೂಲಿನ ಮೇಲೆ ಕುಳಿತುಕೊಳ್ಳಿ.

ಸಲ್ಲಕಿ ಇವುಗಳಿಗೆ ಜೊತೆಯಾಗಬಹುದು, ಬದಲಿಯಲ್ಲ. ಮನೆಯ ಹಿರಿಯರು ಯಾವ ಪುಡಿ, ಯಾವ ಗುಳಿಗೆ ನುಂಗುತ್ತಿದ್ದಾರೆಂದು ಈ ವಾರವೇ ಒಮ್ಮೆ ಕೇಳಿ ನೋಡಿ.